ಮಣಿಕಟ್ಟಿನ ವಯಸ್ಸು

ಯುರೋಪಿನ ದಕ್ಷಿಣ ತೀರದಲ್ಲಿರುವ ನಮ್ಮ ಬಂದರಿನ ಊರಿನ ಸರ್ಕಾರಿ ಆಸ್ಪತ್ರೆಯಲ್ಲಿ ನಾನು ಮೂವತ್ತೆಂಟು ವರ್ಷ ಸೂಲಗಿತ್ತಿಯಾಗಿದ್ದೆ. ನಿವೃತ್ತಳಾಗಿ ಮೂರು ವರ್ಷ ಮನೆಯಲ್ಲಿ ಕೂತು ಸಾಕಾದ ಮೇಲೆ ಮಕ್ಕಳ ನ್ಯಾಯಾಲಯದ ಪಾಲಕರ ಪಟ್ಟಿಗೆ ಹೆಸರು ಕೊಟ್ಟೆ. ಸಮುದ್ರ ದಾಟಿ ಒಬ್ಬಂಟಿಯಾಗಿ ಬರುವ ಮಕ್ಕಳಿಗೆ ಇಲ್ಲಿ ಅಪ್ಪ ಅಮ್ಮ ಇರುವುದಿಲ್ಲ. ಅವರ ಪರವಾಗಿ ಸಹಿ ಹಾಕುವುದಕ್ಕೆ, ಶಾಲೆಗೆ ಸೇರಿಸುವುದಕ್ಕೆ, ಅವರಿಗೆ ಸಲ್ಲಬೇಕಾದದ್ದು ಸಲ್ಲುತ್ತಿದೆಯೇ ಎಂದು ನೋಡುವುದಕ್ಕೆ ನ್ಯಾಯಾಧೀಶರು ಊರಿನವರೊಬ್ಬರನ್ನು ನೇಮಿಸುತ್ತಾರೆ. ಸಂಬಳವಿಲ್ಲದ ಕೆಲಸ. ಕೆಲವು ಸಂಜೆ ನಮ್ಮನ್ನು ಕೂರಿಸಿ ತರಬೇತಿ ಕೊಟ್ಟರು. ಒಂದು ಸಂಜೆಯಂತೂ ಪೂರ್ತಿ ಒಂದೇ ವಿಷಯ: ಮಗುವಿನ ವಯಸ್ಸಿನ ಬಗ್ಗೆ ಅನುಮಾನ ಉಳಿದರೆ ಅದರ ಲಾಭ ಮಗುವಿಗೇ ಸಿಗಬೇಕು. ಯುರೋಪಿನ ಕಾನೂನೂ ಅದನ್ನೇ ಹೇಳುತ್ತದೆ, ನಮ್ಮ ದೇಶದ್ದೂ ಅದನ್ನೇ ಹೇಳುತ್ತದೆ. ನಾನು ಅದನ್ನು ಬರೆದುಕೊಂಡು ಕೆಳಗೆ ಗೆರೆ ಎಳೆದೆ. ಇಷ್ಟು ಸ್ಪಷ್ಟವಾಗಿ ಬರೆದಿಟ್ಟಿರುವಾಗ ನನ್ನಂಥವಳಿಗೆ ಕೆಲಸವಾದರೂ ಏನು ಎಂದುಕೊಂಡೆ. ಆಗ ನನಗೆ ಅಷ್ಟೇ ತಿಳಿದಿದ್ದು.

2024ರ ಸೆಪ್ಟೆಂಬರಿನಲ್ಲಿ ನನ್ನ ಪಾಲಿಗೆ ಬಂದವಳು ತಿರ್ಹಾಸ್. ಇಥಿಯೋಪಿಯಾದ ಉತ್ತರಕ್ಕಿರುವ ತಿಗ್ರಾಯ್ ಸೀಮೆಯ ಹುಡುಗಿ. ಅಲ್ಲಿ ಯುದ್ಧ ಮುಗಿದ ಮೇಲೆ ಸೋದರಮಾವನ ಜೊತೆ ಸುಡಾನಿಗೆ ಹೊರಟಿದ್ದಳು. ಮಾವ ಲಿಬಿಯಾದಲ್ಲಿ ಕಾಣೆಯಾದ. ಅದಕ್ಕಿಂತ ಹೆಚ್ಚು ಅವಳು ಹೇಳಲಿಲ್ಲ, ನಾನು ಕೇಳಲೂ ಇಲ್ಲ. ಆಗಸ್ಟಿನಲ್ಲಿ ದೋಣಿಯಿಂದ ಇಳಿದಾಗ ಹದಿನೈದು ಎಂದಿದ್ದಳು, ಹಾಗೇ ಬರೆದುಕೊಂಡು ಅವಳನ್ನು ಚರ್ಚಿನ ಹಿಂದಿನ ಮಕ್ಕಳ ಮನೆಯಲ್ಲಿ ಇಟ್ಟಿದ್ದರು. ಉದ್ದನೆಯ ಹುಡುಗಿ, ಅಗಲ ಭುಜ. ನಡೆಯುವಾಗ ತಲೆ ತಗ್ಗಿಸುತ್ತಿರಲಿಲ್ಲ. ಆ ಎತ್ತರವೇ ಅವಳಿಗೆ ಮುಳುವಾಯಿತೆಂದು ನನಗೆ ಆಮೇಲೆ ಅನ್ನಿಸಿತು.

ಶನಿವಾರ ಶನಿವಾರ ನಾನು ಹೋಗುತ್ತಿದ್ದೆ. ಇಬ್ಬರೂ ಬಂದರಿನ ಕಟ್ಟೆಯ ಮೇಲೆ ನಡೆಯುತ್ತಿದ್ದೆವು. ಅವಳು ಅಂಗಡಿಗಳ ಹೆಸರನ್ನು ಜೋರಾಗಿ ಓದುತ್ತಿದ್ದಳು, ನಾನು ತಿದ್ದುತ್ತಿದ್ದೆ. ಮೀನಂಗಡಿಯವನು ತಪ್ಪಾಗಿ ಬರೆದಿದ್ದ ಬೋರ್ಡನ್ನು ಅವಳೇ ಒಮ್ಮೆ ಕಂಡುಹಿಡಿದು ಆ ದಿನವೆಲ್ಲ ನಗುತ್ತಿದ್ದಳು. ಗಣಿತ ಅವಳಿಗೆ ಸಲೀಸು. ಭಾಷೆ ಬಂದುಬಿಟ್ಟರೆ ಜೂನ್ ತಿಂಗಳಲ್ಲಿ ಪರೀಕ್ಷೆಗೆ ಕೂರಿಸಬಹುದು ಎಂದು ಅವಳ ಮೇಡಂ ಹೇಳಿದ್ದರು.

ಅಕ್ಟೋಬರ್ ಇಪ್ಪತ್ತಾರರ ಶನಿವಾರ ಹೋದಾಗ ಅವಳ ಹಾಸಿಗೆ ಖಾಲಿಯಿತ್ತು. ಹೊದಿಕೆ ಮಡಿಸಿಟ್ಟಿದ್ದರು. ಗೋಡೆಗೆ ಅಂಟಿಸಿದ್ದ ಕ್ರಿಯಾಪದಗಳ ಪಟ್ಟಿ ಮಾತ್ರ ಹಾಗೇ ಇತ್ತು. ಮನೆ ನೋಡಿಕೊಳ್ಳುವ ಹುಡುಗಿ ನನ್ನ ಮುಖ ನೋಡದೆ ಹೇಳಿದಳು: ಗುರುವಾರ ಪೊಲೀಸರು ಕಾಗದಪತ್ರಕ್ಕೆಂದು ಕರೆದುಕೊಂಡು ಹೋದರು, ಅಲ್ಲಿಂದ ಆಸ್ಪತ್ರೆಗೆ ಹೋಗಿ ಕೈಯ ಎಕ್ಸ್‌ರೇ ತೆಗೆಸಿದರಂತೆ, ಹದಿನೆಂಟು ದಾಟಿದೆ ಎಂದು ಬಂತಂತೆ, ಶುಕ್ರವಾರ ಬೆಳಿಗ್ಗೆ ವ್ಯಾನ್ ಬಂದು ದೊಡ್ಡವರ ಶಿಬಿರಕ್ಕೆ ಒಯ್ದರು. ನನಗೇಕೆ ಫೋನ್ ಮಾಡಲಿಲ್ಲವೆಂದು ಕೇಳಿದೆ. ಪೊಲೀಸರು ಮಾಡಿರುತ್ತಾರೆ ಅಂದುಕೊಂಡೆ ಎಂದಳು. ಆ ಹುಡುಗಿಯನ್ನು ಬೈದು ಪ್ರಯೋಜನವಿರಲಿಲ್ಲ. ಆದರೂ ಬೈದೆ.

ಶಿಬಿರವೆಂದರೆ ಊರ ಹೊರಗಿನ ಹಳೆಯ ಮೀನು ಡಬ್ಬಿಯ ಕಾರ್ಖಾನೆ. ಮುನ್ನೂರು ಜನ. ಹೆಂಗಸರಿಗೆ ಒಂದು ಪಕ್ಕ, ಗಂಡಸರಿಗೆ ಒಂದು ಪಕ್ಕ, ನಡುವೆ ಎಲ್ಲರದ್ದೂ ಒಂದೇ ಅಂಗಳ. ಅವತ್ತೇ ಸಂಜೆ ಭೇಟಿಯ ಸಮಯದಲ್ಲಿ ಅರ್ಧ ಗಂಟೆ ಒಳಗೆ ಬಿಟ್ಟರು. ತಿರ್ಹಾಸ್ ಮಂಚದ ಅಂಚಿನಲ್ಲಿ ಬೂಟು ಹಾಕಿಕೊಂಡೇ ಕೂತಿದ್ದಳು. ರಾತ್ರಿಯೂ ಬಿಚ್ಚಲಿಲ್ಲ ಎಂದು ಪಕ್ಕದ ಹೆಂಗಸು ಸನ್ನೆ ಮಾಡಿ ತೋರಿಸಿದಳು. ಸ್ನಾನದ ಮನೆಯ ಬಾಗಿಲನ್ನು ನಾನೇ ಹೋಗಿ ನೋಡಿದೆ, ಅದಕ್ಕೆ ಚಿಲಕವೇ ಇರಲಿಲ್ಲ. ಗುರುವಾರದಿಂದ ಸ್ನಾನ ಮಾಡಿಲ್ಲ ಎಂದಳು. ಅವಳ ಕೈಯಲ್ಲಿ ನಾಲ್ಕು ಪುಟದ ಒಂದು ಕಾಗದವಿತ್ತು, ಪೂರ್ತಿ ನಮ್ಮ ಭಾಷೆಯಲ್ಲಿ. ಕೆಳಗೆ ಅವಳ ಸಹಿ.

"ಇದರಲ್ಲಿ ಏನು ಬರೆದಿದೆ ಗೊತ್ತಾ?" ಎಂದು ಕೇಳಿದೆ.

"ಗೊತ್ತಿಲ್ಲ. ಸಹಿ ಹಾಕು ಅಂದ್ರು. ಹಾಕಿದೆ."

ಅಂಗಳದಲ್ಲಿ ನಿಂತಿದ್ದ ಇಬ್ಬರು ಗಂಡಸರು ಬಾಗಿಲ ಕಡೆಗೇ ನೋಡುತ್ತಿದ್ದರು. ನಾನು ಎದ್ದು ಹೋಗಿ ಬಾಗಿಲು ಎಳೆದು ಮುಚ್ಚಿದೆ.

ಸೋಮವಾರ ಬೆಳಿಗ್ಗೆ ಬಾಗಿಲು ತೆರೆಯುವ ಮೊದಲೇ ಪೊಲೀಸ್ ಕಚೇರಿಯ ವಲಸೆ ವಿಭಾಗದ ಮುಂದೆ ನಿಂತಿದ್ದೆ. ಅಲ್ಲಿನ ಇನ್ಸ್‌ಪೆಕ್ಟರ್ ಕಾಲೋಜೆರೊ, ಊರಿಗೆಲ್ಲ ಲಿಲ್ಲೊ. ಅವನನ್ನು ಈ ಲೋಕಕ್ಕೆ ತಂದವಳು ನಾನೇ. ದೊನ್ನಾ ವೆನೆರಾ ಎಂದು ನನ್ನನ್ನು ಮರ್ಯಾದೆಯಿಂದ ಕರೆದು ಕುರ್ಚಿ ತರಿಸಿದ, ಕಾಫಿ ತರಿಸಿದ. ಆಮೇಲೆ, ಈ ವಿಷಯದಲ್ಲಿ ನೀವು ಮಾಡುವಂಥದ್ದು ಏನೂ ಉಳಿದಿಲ್ಲ ಎಂದ.

"ಏನೂ ಉಳಿದಿಲ್ಲ ಅಂದ್ರೆ? ನಾನು ಅವಳ ಪಾಲಕಿ. ಕೋರ್ಟು ನೇಮಿಸಿದ್ದು."

"ಪಾಲಕಿ ಇರೋದು ಮಕ್ಕಳಿಗೆ, ದೊನ್ನಾ ವೆನೆರಾ. ಅವಳು ದೊಡ್ಡವಳು ಅಂತ ವರದಿ ಬಂತಲ್ಲ."

"ಆ ವರದಿ ತಪ್ಪು ಅಂತ ನಾನು ಅರ್ಜಿ ಹಾಕ್ತೀನಿ."

"ಅರ್ಜಿ ಹಾಕಬೇಕಾದ್ರೆ ಪಾಲಕಿ ಆಗಿರಬೇಕು. ಈಗ ನೀವು ಪಾಲಕಿ ಅಲ್ಲ."

"ಯಾಕಲ್ಲ?"

"ಅವಳು ದೊಡ್ಡವಳು, ಅದಕ್ಕೆ."

ಅವನಿಗೆ ತಾನು ಹೇಳಿದ್ದು ತನಗೇ ಕೇಳಿಸಿತೋ ಇಲ್ಲವೋ ತಿಳಿಯಲಿಲ್ಲ. ಕಾಗದವೊಂದು ಅವಳನ್ನು ದೊಡ್ಡವಳು ಮಾಡಿತು. ಅವಳು ದೊಡ್ಡವಳಾದ್ದರಿಂದ ನಾನು ಯಾರೂ ಅಲ್ಲ. ನಾನು ಯಾರೂ ಅಲ್ಲದ್ದರಿಂದ ಆ ಕಾಗದವನ್ನು ಪ್ರಶ್ನಿಸುವವರೂ ಯಾರೂ ಇಲ್ಲ. ಮಗುವಿನ ಸುತ್ತ ಗೋಡೆ ಕಟ್ಟಿ, ಬಾಗಿಲು ಇಡುವುದನ್ನು ಮರೆತು, ಆಮೇಲೆ ಬಾಗಿಲಲ್ಲಿ ಯಾರೂ ಬರಲಿಲ್ಲವಲ್ಲ ಎಂದು ಕೇಳುವ ರೀತಿ ಅದು.

"ಲಿಲ್ಲೊ," ಎಂದೆ, "ನೀನು ಹುಟ್ಟಿದಾಗ ನಾಲ್ಕೂವರೆ ಕಿಲೋ ಇದ್ದೆ. ಮೂರು ತಿಂಗಳ ಕೂಸು ಅಂದ್ರೆ ನಂಬಬೇಕು, ಹಾಗಿದ್ದೆ. ಹಾಗಂತ ನಾನು ನಿನಗೆ ಮೂರು ತಿಂಗಳು ಅಂತ ಬರೆದ್ನಾ?"

ಹಿಂದಿನ ಮೇಜಿನ ಹುಡುಗಿ ಕೆಮ್ಮಿದಳು. ಲಿಲ್ಲೊ ಕೆಂಪಾದ. ಕಡತದಿಂದ ಒಂದು ಹಾಳೆ ತೆಗೆದು ನನ್ನ ಮುಂದೆ ಇಟ್ಟ. ನಮ್ಮ ಹುಡುಗಿಯೇ ತನ್ನ ಕೈಯಾರೆ ತುಂಬಿದ ಅರ್ಜಿ. ಹುಟ್ಟಿದ ವರ್ಷ ಎಂಬ ಜಾಗದಲ್ಲಿ 2001 ಎಂದು ದುಂಡಗೆ ಬರೆದಿದ್ದಳು. ಅದು ತಿರ್ಹಾಸಳದೇ ಅಕ್ಷರ, ನನಗೆ ಗೊತ್ತಿತ್ತು.

"ಇಪ್ಪತ್ಮೂರು ವರ್ಷ," ಎಂದ ಲಿಲ್ಲೊ. "ನಾನು ಹೇಳಿದ್ದಲ್ಲ, ಅವಳೇ ಹೇಳಿದ್ದು. ಫೋನಲ್ಲಿ ಅರಬ್ಬಿ ದುಭಾಷಿ ಕೂಡ ಇದ್ದ. ಅದಕ್ಕೇ ಎಕ್ಸ್‌ರೇ ತೆಗೆಸಿದ್ದು. ನಿಮಗೆ ಚೆನ್ನಾಗಿ ಟೋಪಿ ಹಾಕಿದಾಳೆ."

ಇಲ್ಲಿ ನನ್ನ ತಪ್ಪನ್ನು ಹೇಳಿಬಿಡಬೇಕು. ಆ ಅಂಕಿ ನೋಡಿದ ಮೇಲೆ ಕೈಚೀಲ ಎತ್ತಿಕೊಂಡು ಎದ್ದೆ. ಮೆಟ್ಟಿಲಿಳಿಯುವಾಗ ನನ್ನ ಸಿಟ್ಟೆಲ್ಲ ಲಿಲ್ಲೊನನ್ನು ಬಿಟ್ಟು ಅವಳ ಮೇಲೆ ತಿರುಗಿತ್ತು. ಶನಿವಾರಗಳು ನೆನಪಾದವು, ಅಂಗಡಿಯ ಬೋರ್ಡು ಓದಿ ನಕ್ಕದ್ದು ನೆನಪಾಯಿತು. ಮೂವತ್ತೆಂಟು ವರ್ಷ ಹೆಂಗಸರ ಮೈ ನೋಡಿದವಳು ನಾನು, ನನಗೇ ಮೋಸ ಮಾಡಿದಳಲ್ಲ ಎಂದು ಉರಿದುಹೋದೆ.

ಆದರೂ ಅವಳ ಬಾಯಿಂದ ಅವಳ ಭಾಷೆಯಲ್ಲೇ ಕೇಳಬೇಕು ಅನ್ನಿಸಿತು. ಲೆಮ್ಲೆಮ್ಮಳ ಮನೆಗೆ ಹೋದೆ. ಲೆಮ್ಲೆಮ್ ಎರಿಟ್ರಿಯಾದವಳು, ನಮ್ಮೂರಿಗೆ ಬಂದು ಮೂವತ್ತು ವರ್ಷ. ಊರಿನ ಅರ್ಧ ಮುದುಕರನ್ನು ಕೊನೆಗಾಲದಲ್ಲಿ ನೋಡಿಕೊಂಡವಳು. ನಾನು ಬರುವವರನ್ನು ಹಿಡಿದುಕೊಂಡೆ, ಅವಳು ಹೋಗುವವರನ್ನು ಹಿಡಿದುಕೊಂಡಳು ಎಂದು ನಾವಿಬ್ಬರೂ ತಮಾಷೆ ಮಾಡಿಕೊಳ್ಳುವುದುಂಟು. ತಿಗ್ರಾಯಿನವರೂ ಅವಳೂ ಆಡುವುದು ಒಂದೇ ಭಾಷೆ. ಅವಳು ಏಪ್ರನ್ ಬಿಚ್ಚಿಟ್ಟು ನನ್ನ ಜೊತೆ ಹೊರಟಳು.

ಶಿಬಿರದಲ್ಲಿ ನಾನು ಕುಶಲವನ್ನೂ ಕೇಳಲಿಲ್ಲ. "ನನಗೆ ಸುಳ್ಳು ಹೇಳಿದ್ಯಾ ಅಂತ ಕೇಳು" ಎಂದು ಲೆಮ್ಲೆಮ್‌ಗೆ ಹೇಳಿದೆ. ಅವಳು ಕೇಳಿದಳು. ತಿರ್ಹಾಸ್ ನನ್ನನ್ನು ಒಂದು ಸಲ ನೋಡಿ ಗೋಡೆಯ ಕಡೆ ಮುಖ ತಿರುಗಿಸಿಕೊಂಡಳು. ನಾನು 2001 ಎಂದು ಬೆರಳಿನಿಂದ ಮಂಚದ ಮೇಲೆ ಬರೆದು ತೋರಿಸಿದೆ. ಆಗ ಅವಳು ಗೋಡೆ ನೋಡುತ್ತಲೇ ಎರಡು ಮಾತು ಹೇಳಿದಳು. ಲೆಮ್ಲೆಮ್ ಇನ್ನೊಂದು ಪ್ರಶ್ನೆ ಕೇಳಿದಳು, ಮತ್ತೊಂದು ಕೇಳಿದಳು, ಆಮೇಲೆ ನನ್ನ ಕಡೆ ತಿರುಗಿದಳು. ಅವಳ ಮುಖದಲ್ಲಿ ನಾನು ಹಿಂದೆಂದೂ ಕಾಣದ ಕೋಪವಿತ್ತು.

"ಇವಳು ಹುಟ್ಟಿದ್ದು ಎರಡು ಸಾವಿರದ ಒಂದೇ," ಎಂದಳು. "ತಿಮ್ಕತ್ ಹಬ್ಬದ ಮಾರನೇ ದಿನ. ಆದ್ರೆ ಅದು ನಮ್ಮ ಪಂಚಾಂಗದ ಎರಡು ಸಾವಿರದ ಒಂದು. ನಮ್ಮ ಲೆಕ್ಕ ನಿಮ್ಮದಕ್ಕಿಂತ ಏಳೆಂಟು ವರ್ಷ ಹಿಂದೆ. ಅವರ ಊರಲ್ಲಿ ಶಾಲೆ, ಕಚೇರಿ ಎಲ್ಲಾ ಅದೇ ಲೆಕ್ಕದಲ್ಲಿ ನಡೆಯೋದು. ನಿಮ್ಮ ಲೆಕ್ಕಕ್ಕೆ ಎರಡು ಸಾವಿರದ ಒಂಬತ್ತು, ಜನವರಿ ಇಪ್ಪತ್ತು. ಯಾರಾದ್ರೂ ಒಬ್ಬರು ಕೇಳಿದ್ರೆ ಸಾಕಿತ್ತು, ವೆನೆರಾ. ನನ್ನನ್ನ ಕರೆದು ಕೇಳಿದ್ರೆ ಸಾಕಿತ್ತು. ನಾನು ಆ ಪೊಲೀಸ್ ಕಚೇರಿಯಿಂದ ಎರಡು ಬೀದಿ ಆಚೆ ಇರೋದು."

ನಾನು ಬೆರಳು ಮಡಿಸಿ ಎಣಿಸಿದೆ. ಹದಿನೈದು ತುಂಬಿ ಒಂಬತ್ತು ತಿಂಗಳು.

ತಿರ್ಹಾಸಳ ಪಕ್ಕ ಕೂತು ತಪ್ಪಾಯಿತು ಎಂದೆ. ಅವಳು ತಿರುಗಲಿಲ್ಲ. ತಿರುಗಬೇಕಾಗಿಯೂ ಇರಲಿಲ್ಲ. ಅವಳ ಪರವಾಗಿ ನಿಲ್ಲಬೇಕಾದ ಒಬ್ಬಳೇ ಒಬ್ಬಳು ಬಂದು ಮೊದಲು ಕೇಳಿದ್ದು ಸುಳ್ಳು ಹೇಳಿದೆಯಾ ಎಂದು.

ಅಲ್ಲಿಂದ ನೇರ ವಕೀಲೆ ರೊಸಾಲ್ಬಾಳ ಕಚೇರಿಗೆ ಹೋದೆವು. ಮೂವತ್ತೆರಡರ ಹುಡುಗಿ, ಇಂಥ ಮಕ್ಕಳ ಮೊಕದ್ದಮೆಗಳನ್ನೇ ನಡೆಸುತ್ತಾಳೆ. ನಾಲ್ಕು ಪುಟದ ಆ ಕಾಗದ ಓದುತ್ತ ಪೆನ್ಸಿಲಿನಲ್ಲಿ ಗುರುತು ಹಾಕುತ್ತ ಹೋದಳು. ಕೊನೆಯ ಪುಟದ ಸಣ್ಣ ಅಕ್ಷರದಲ್ಲಿ, ಒಪ್ಪಿಗೆಯಿಲ್ಲದಿದ್ದರೆ ಐದು ದಿನದೊಳಗೆ ನ್ಯಾಯಾಲಯಕ್ಕೆ ಹೋಗಬಹುದು ಎಂದಿತ್ತು. ಗುರುವಾರ ಕೊಟ್ಟ ಕಾಗದ, ಅಂದು ಸೋಮವಾರ.

"ನಾಳೆ ಕೊನೇ ದಿನ, ಝಿಯಾ," ಎಂದಳು ರೊಸಾಲ್ಬಾ. ಚಿಕ್ಕವರೆಲ್ಲ ನನ್ನನ್ನು ಚಿಕ್ಕಮ್ಮ ಎಂದೇ ಕರೆಯುವುದು. "ಆದ್ರೆ ಇದನ್ನ ಪಾಲಕಿಗೂ ಕೊಡಬೇಕಿತ್ತು, ನಿಮಗೆ ಕೊಟ್ಟಿಲ್ಲ. ಅವಳಿಗೆ ತಿಳಿಯೋ ಭಾಷೇಲಿ ಹೇಳಬೇಕಿತ್ತು, ಹೇಳಿಲ್ಲ. ಇನ್ನೊಂದಿದೆ, ನೋಡಿ. ಎಕ್ಸ್‌ರೇ ವರದೀಲಿ ಹದಿನೆಂಟು ಅಂತ ಇದೆ, ಅಷ್ಟೇ. ಎಷ್ಟು ಹೆಚ್ಚುಕಡಿಮೆ ಆಗಬಹುದು ಅನ್ನೋದನ್ನ ಬರೆಯಲೇಬೇಕು ಅಂತ ಕಾನೂನಿದೆ. ಬರೆದಿಲ್ಲ. ಆ ಡಾಕ್ಟರ್ ಹತ್ರ ಒಂದು ಸಾಲು ಬರೆಸಿಕೊಂಡು ಬನ್ನಿ. ನಾಳೆ ಹನ್ನೆರಡರ ಒಳಗೆ."

ಎಕ್ಸ್‌ರೇ ಡಾಕ್ಟರು ನನಗೆ ಹೊಸಬರಲ್ಲ. ನಾನು ನಿವೃತ್ತಳಾಗುವ ಮೊದಲು ಒಂದೇ ಆಸ್ಪತ್ರೆಯಲ್ಲಿ ಒಂಬತ್ತು ವರ್ಷ ಇದ್ದೆವು. ಒಳ್ಳೆಯವರೇ. ಮಂಗಳವಾರ ಬೆಳಿಗ್ಗೆ ಎಂಟಕ್ಕೆ ಅವರ ಕೋಣೆಯ ಹೊರಗೆ ಕೂತೆ. ಮೊದಲು, ತುಂಬ ರೋಗಿಗಳಿದ್ದಾರೆ ಎಂದು ಹೇಳಿಕಳಿಸಿದರು. ಆಮೇಲೆ, ನಾಳೆ ಬನ್ನಿ ಎಂದು ಹೇಳಿಕಳಿಸಿದರು. ನಾನು ಏಳಲಿಲ್ಲ. ಇಡೀ ದಿನ, ಕೆಲವೊಮ್ಮೆ ಎರಡು ದಿನ, ಒಂದು ತಲೆ ಹೊರಗೆ ಬರಲೆಂದು ಕಾದವಳಿಗೆ ಒಬ್ಬ ಡಾಕ್ಟರು ಹೊರಗೆ ಬರಲೆಂದು ಕಾಯುವುದು ಕಷ್ಟವೇ? ಹತ್ತೂವರೆಗೆ ಅವರೇ ಬಾಗಿಲು ತೆರೆದರು.

ನಾನು ಕೇಳಿದ್ದು ಒಂದೇ ಪ್ರಶ್ನೆ. ಮಣಿಕಟ್ಟಿನ ಎಲುಬು ನೋಡಿ ವಯಸ್ಸು ಹೇಳಿದರೆ ಎಷ್ಟು ವರ್ಷ ಹೆಚ್ಚುಕಡಿಮೆ ಬರಬಹುದು?

"ಎರಡು ವರ್ಷ," ಎಂದರು. "ಆ ಕಡೆಗೂ ಈ ಕಡೆಗೂ. ಹುಡುಗೀರಲ್ಲಿ ಕೆಲವೊಮ್ಮೆ ಅದಕ್ಕಿಂತ ಜಾಸ್ತಿ."

"ಹಾಗಾದ್ರೆ ಅದನ್ನ ಯಾಕೆ ಬರೀಲಿಲ್ಲ?"

"ಆ ನಮೂನೇಲಿ ಅದಕ್ಕೆ ಜಾಗ ಇಲ್ಲ, ವೆನೆರಾ. ವಯಸ್ಸು ಅಂತ ಒಂದು ಚೌಕ ಇದೆ. ಎರಡು ಅಂಕಿ ಹಿಡಿಸುತ್ತೆ."

ಹನ್ನೊಂದಕ್ಕೇ ಮೈನೆರೆದವರನ್ನು ನಾನು ನೋಡಿದ್ದೇನೆ, ಹದಿನಾರಾದರೂ ನೆರೆಯದವರನ್ನೂ ನೋಡಿದ್ದೇನೆ. ಒಂದೇ ತಾಯಿಯ ಅವಳಿ ಹುಡುಗಿಯರಲ್ಲಿ ಒಬ್ಬಳು ಇನ್ನೊಬ್ಬಳ ಅಕ್ಕನ ಹಾಗೆ ಕಾಣುವುದನ್ನೂ ನೋಡಿದ್ದೇನೆ. ಅದು ಆ ಡಾಕ್ಟರಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಗೊತ್ತಿದ್ದೂ ಚೌಕದಲ್ಲಿ ಹಿಡಿಸುವಷ್ಟು ಮಾತ್ರ ಬರೆದರು. ಒಬ್ಬ ಹುಡುಗಿಯನ್ನು ಚಿಲಕವಿಲ್ಲದ ಬಾಗಿಲಿನ ಹಿಂದೆ ನೂಕಿದ್ದು ಯಾರ ಕೆಟ್ಟತನವೂ ಅಲ್ಲ, ಎರಡು ಅಂಕಿಯ ಒಂದು ಚೌಕ. ಕೆಟ್ಟವನಾಗಿದ್ದರೆ ಅವನ ಮುಖಕ್ಕೆ ಉಗಿಯಬಹುದಿತ್ತು.

"ಚೌಕದ ಹೊರಗೆ ಬರೀರಿ," ಎಂದೆ. "ಬೇರೆ ಹಾಳೇಲಿ. ಈಗಲೇ."

ಅವರು ಕಿಟಕಿಯ ಕಡೆ ನೋಡಿದರು. ಪೊಲೀಸರ ಜೊತೆ ದಿನಾ ಕೆಲಸ ಮಾಡಬೇಕಲ್ಲ ಎಂದರು. ನಾನು ಅವರ ಮೇಜಿನ ಎದುರಿನ ಕುರ್ಚಿ ಎಳೆದುಕೊಂಡು ಕೂತೆ. ಕೊನೆಗೆ ಔಷಧಿ ಚೀಟಿ ಬರೆಯುವ ಹಾಳೆ ಎಳೆದುಕೊಂಡು ಮೂರು ಸಾಲು ಬರೆದು, ಸಹಿ ಹಾಕಿ, ಮೊಹರು ಒತ್ತಿದರು. ಹನ್ನೊಂದು ಮುಕ್ಕಾಲಿಗೆ ರೊಸಾಲ್ಬಾ ಅರ್ಜಿ ಸಲ್ಲಿಸಿದಳು.

ತೀರ್ಪು ವಾರದೊಳಗೆ ಬರುತ್ತದೆ ಎಂದುಕೊಂಡಿದ್ದೆ. ಅರ್ಜಿ ಹಾಕುವುದಕ್ಕೆ ಐದು ದಿನವೆಂದು ಬರೆದವರು ಉತ್ತರ ಕೊಡುವುದಕ್ಕೆ ಎಷ್ಟು ದಿನ ಎಂಬುದನ್ನು ಅಷ್ಟು ಗಟ್ಟಿಯಾಗಿ ಬರೆದಿರಲಿಲ್ಲವೋ ಏನೋ, ವಿಚಾರಣೆಯೇ ಏಳು ವಾರ ತಡವಾಯಿತು. ಆವರೆಗೂ ಅವಳನ್ನು ಮಕ್ಕಳ ಮನೆಗೆ ಕಳಿಸಬೇಕೆಂದು ರೊಸಾಲ್ಬಾ ಎರಡು ಸಲ ಬರೆದಳು. ವಿಚಾರಣೆಯಲ್ಲಿ ನೋಡೋಣ ಎಂದು ಉತ್ತರ ಬಂತು.

ನವೆಂಬರ್ ಎರಡು, ಸತ್ತವರ ಹಬ್ಬ. ಆ ದಿನ ನಮ್ಮಲ್ಲಿ ತೀರಿಕೊಂಡ ಹಿರಿಯರು ಮಕ್ಕಳಿಗೆ ಉಡುಗೊರೆ ತರುತ್ತಾರೆ. ಪ್ರತಿ ಮನೆಯ ಮಗುವಿಗೂ ಸಕ್ಕರೆ ಗೊಂಬೆ. ನಾನೂ ಒಂದು ಕೊಂಡೆ, ಕೆಂಪು ಲಂಗದ ಕುಣಿಯುವ ಹುಡುಗಿಯದು. ಶಿಬಿರದ ಗೇಟಿನಲ್ಲಿ ಕಾವಲಿನವನು ಪೊಟ್ಟಣ ಬಿಚ್ಚಿಸಿದ.

"ಇದು ಮಕ್ಕಳ ಸಾಮಾನು, ಸಿನ್ಯೋರಾ," ಎಂದ. "ಇಲ್ಲಿ ಮಕ್ಕಳಿಲ್ಲ."

ಅವನು ತಮಾಷೆಗೂ ಹೇಳಲಿಲ್ಲ, ದರ್ಪಕ್ಕೂ ಹೇಳಲಿಲ್ಲ. ಅವನ ಪಟ್ಟಿಯಲ್ಲಿ ಇರಲಿಲ್ಲ, ಅಷ್ಟೇ. ನಾನು ಆ ಗೊಂಬೆಯನ್ನು ಅವನ ಮೇಜಿನ ಮೇಲೇ ಒಡೆದು, ತುಂಡುಗಳನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು, ಬರೀ ಸಕ್ಕರೆ ನೋಡಪ್ಪ, ದೊಡ್ಡವರೂ ತಿನ್ನಬಹುದು ಎಂದು ಹೇಳಿ ಒಳಗೆ ಹೋದೆ.

ಆ ಏಳು ವಾರ ನಾನೂ ಲೆಮ್ಲೆಮ್ಮೂ ಸರದಿಯ ಮೇಲೆ ದಿನವೂ ಹೋದೆವು. ಒಂದು ಚಿಲಕ ಕೊಂಡು ಸ್ನಾನದ ಮನೆಯ ಬಾಗಿಲಿಗೆ ನಾನೇ ಸ್ಕ್ರೂ ತಿರುಗಿಸಿ ಹಾಕಿದೆ. ಮೂರು ದಿನಕ್ಕೆ ಯಾರೋ ಕಿತ್ತರು, ಮತ್ತೆ ಹಾಕಿದೆ. ಶಿಬಿರದ ಮೇಲ್ವಿಚಾರಕ, ಅನುಮತಿಯಿಲ್ಲದೆ ಕಟ್ಟಡಕ್ಕೆ ಏನನ್ನೂ ಜೋಡಿಸಬಾರದು ಎಂದು ನನಗೆ ನೋಟಿಸು ಕಳಿಸಿದ. ಆ ನೋಟಿಸನ್ನು ನಾನು ಎತ್ತಿಟ್ಟುಕೊಂಡಿದ್ದೇನೆ. ಶಾಲೆಗೆ ಹೋಗುವುದು ನಿಂತೇಹೋಗಿತ್ತು, ಏಕೆಂದರೆ ಆ ತರಗತಿ ಮಕ್ಕಳಿಗೆ. ಒಬ್ಬ ಗಂಡಸು ಸಂಜೆ ಹೊತ್ತು ಬಾಗಿಲ ಬಳಿ ಬಂದು ಅವಳ ಹೆಸರು ಹಿಡಿದು ಕರೆಯುತ್ತಿದ್ದನಂತೆ. ಕೋಣೆಯ ನೈಜೀರಿಯಾದ ಹೆಂಗಸರು ಅವನಿಗೆ ಪೊರಕೆ ತೋರಿಸಿ ಓಡಿಸಿದರು. ಕಾನೂನು ಮಾಡಬೇಕಾದ ಕೆಲಸವನ್ನು ಆ ಹೆಂಗಸರು ಮಾಡಿದರು. ತಿರ್ಹಾಸ್ ನನ್ನ ಜೊತೆ ಮತ್ತೆ ಮಾತಾಡತೊಡಗಿದ್ದು ಮೂರನೇ ವಾರದಲ್ಲಿ. ಕ್ರಿಯಾಪದಗಳ ಪಟ್ಟಿ ತಂದುಕೊಡು ಎಂದಳು. ಅಷ್ಟೇ ಮಾತು.

ಈ ನಡುವೆ ಲೆಮ್ಲೆಮ್ ತನ್ನ ಚರ್ಚಿನ ಪಾದ್ರಿಯ ಮೂಲಕ ತಿಗ್ರಾಯಿನಲ್ಲಿ ತಿರ್ಹಾಸಳ ದೊಡ್ಡಮ್ಮನನ್ನು ಹುಡುಕಿಸಿದಳು. ಡಿಸೆಂಬರ್ ಮೊದಲ ವಾರ ಆಕೆ ಫೋನಿಗೆ ಒಂದು ಚಿತ್ರ ಕಳಿಸಿದಳು. ಹುಡುಗಿಯ ದೀಕ್ಷಾಸ್ನಾನದ ಪತ್ರ. ಅವರಲ್ಲಿ ಗಂಡುಮಗುವಿಗೆ ನಲವತ್ತನೇ ದಿನ, ಹೆಣ್ಣುಮಗುವಿಗೆ ಎಂಬತ್ತನೇ ದಿನ ದೀಕ್ಷಾಸ್ನಾನ. ಪತ್ರದಲ್ಲಿ ಮಿಯಾಜ್ಯ ತಿಂಗಳ ಒಂದನೇ ತಾರೀಖು, 2001. ನಮ್ಮ ಲೆಕ್ಕಕ್ಕೆ ಏಪ್ರಿಲ್ ಒಂಬತ್ತು, 2009. ದಿನ ಎಣಿಸುವುದು ನನ್ನ ಕಸುಬು. ಆ ದಿನವನ್ನೂ ಸೇರಿಸಿ ಎಂಬತ್ತು ದಿನ ಹಿಂದಕ್ಕೆ ಎಣಿಸಿದೆ. ಜನವರಿ ಇಪ್ಪತ್ತಕ್ಕೆ ಬಂದು ನಿಂತಿತು, ಅವಳು ಹೇಳಿದ ಹಬ್ಬದ ಮಾರನೆಯ ದಿನಕ್ಕೆ ಸರಿಯಾಗಿ.

ವಿಚಾರಣೆ ಡಿಸೆಂಬರ್ ಮಧ್ಯದಲ್ಲಿ ನಡೆಯಿತು. ನ್ಯಾಯಾಧೀಶೆ ಬಿಳಿ ಕೂದಲಿನ ಹೆಂಗಸು, ಕೋಟು ಕಳಚಿಟ್ಟು ಮೇಜಿನ ಈಚೆ ಬಂದು ನಮ್ಮ ಜೊತೆ ಕೂತರು. ಪಾಲಕಿಯನ್ನು ಏಕೆ ಕರೆಸಲಿಲ್ಲ ಎಂದು ಪೊಲೀಸರ ಪರವಾಗಿ ಬಂದಿದ್ದವನನ್ನು ಕೇಳಿದರು. ತುರ್ತಾಗಿತ್ತು ಎಂದ. ಏನು ತುರ್ತು ಎಂದರು. ಜನ ಜಾಸ್ತಿ ಬಂದಿದ್ದರು ಎಂದ. ಆಮೇಲೆ ಅವರು ತಿರ್ಹಾಸಳ ಕಡೆ ತಿರುಗಿ, ನಿನಗೆ ಏನಾದರೂ ಹೇಳುವುದಿದೆಯೇ ಎಂದು ಕೇಳಿದರು. ಮಗುವಿನ ವಿಷಯದಲ್ಲಿ ತೀರ್ಮಾನ ಮಾಡುವಾಗ ಮಗುವಿನ ಮಾತು ಕೇಳಬೇಕೆಂಬುದು ಕೂಡ ಕಾನೂನೇ. ನಾಲ್ಕು ತಿಂಗಳಲ್ಲಿ ಹಾಗೆ ಕೇಳಿದ್ದು ಇವರೊಬ್ಬರೇ.

ತಿರ್ಹಾಸ್ ಲೆಮ್ಲೆಮ್ಮಳ ಕಡೆ ನೋಡಲಿಲ್ಲ. ನಮ್ಮ ಭಾಷೆಯಲ್ಲೇ, ನಿಧಾನವಾಗಿ, ಕ್ರಿಯಾಪದಗಳನ್ನು ಹುಡುಕಿ ಹುಡುಕಿ ಹೇಳಿದಳು.

"ಇಲ್ಲಿ ಎಲ್ಲರೂ ನನ್ನ ವಯಸ್ಸು ಕೇಳ್ತಾರೆ. ನಾನು ಹೇಳ್ತೀನಿ. ಆಮೇಲೆ ನನ್ನ ಕೈ ನೋಡ್ತಾರೆ. ಯುದ್ಧ ಬಂದಾಗ ನಾನು ಐದನೇ ಕ್ಲಾಸು. ಶಾಲೆ ಮುಚ್ಚಿತು. ತಿರುಗಾ ಓದಲಿಲ್ಲ. ಇಲ್ಲಿ ಎರಡು ತಿಂಗಳು ಓದಿದೆ. ಅದನ್ನೂ ಮುಚ್ಚಿದ್ರಿ. ನನಗೆ ಹದಿನೈದು ಅಂತ ನೀವು ನಂಬದಿದ್ರೂ ಪರವಾಗಿಲ್ಲ. ಇಪ್ಪತ್ಮೂರು ಆಗಿದ್ರೂ ಸ್ನಾನದ ಬಾಗಿಲಿಗೆ ಚಿಲಕ ಬೇಕಲ್ವಾ?"

ನ್ಯಾಯಾಧೀಶೆ ಆ ಮಾತನ್ನು ತಾವೇ ಕೈಯಾರೆ ಬರೆದುಕೊಂಡರು.

ತೀರ್ಪು ಬಂದದ್ದು ಜನವರಿ ಇಪ್ಪತ್ತೆರಡಕ್ಕೆ, ಅಲ್ಲಿಯವರೆಗೂ ಅವಳು ಶಿಬಿರದಲ್ಲೇ ಇದ್ದಳು. ತಿರ್ಹಾಸ್ ಅಪ್ರಾಪ್ತಳು, ಪಾಲಕಿಗೆ ತಿಳಿಸದೆ ಮಾಡಿದ ಪರೀಕ್ಷೆ ಸಿಂಧುವಲ್ಲ, ತಪ್ಪಿನ ಅಂತರ ಬರೆಯದ ವರದಿಗೆ ಬೆಲೆಯಿಲ್ಲ, ಅವಳ ಮಾತೂ ದೀಕ್ಷಾಪತ್ರವೂ ಹೊಂದುತ್ತವೆ. ರೊಸಾಲ್ಬಾ ಫೋನಿನಲ್ಲಿ ಓದುತ್ತಿದ್ದಾಗ ನಾನು ಅಡುಗೆಮನೆಯಲ್ಲಿ ನಿಂತು ಅತ್ತೆ. ಕಣ್ಣೊರೆಸಿಕೊಂಡು ಲಿಲ್ಲೊನ ಕಚೇರಿಗೆ ಓಡಿದೆ, ಅವತ್ತೇ ಅವಳನ್ನು ಕರೆತರೋಣವೆಂದು.

ಲಿಲ್ಲೊ ತೀರ್ಪು ಓದಿದ. ಅಭಿನಂದನೆ ಎಂದ. ಆಮೇಲೆ ಮಕ್ಕಳ ಮನೆಗೆ ಫೋನ್ ಮಾಡಿ ವಿಚಾರಿಸಿ, ಹಾಸಿಗೆ ಖಾಲಿಯಿಲ್ಲ ಎಂದ. ಜಿಲ್ಲೆಯಲ್ಲೇ ಎಲ್ಲೂ ಇಲ್ಲವಂತೆ. ಮೊನ್ನೆ ಇಪ್ಪತ್ತಕ್ಕೆ ಅವಳಿಗೆ ಹದಿನಾರು ತುಂಬಿತಲ್ಲ. ಹದಿನಾರು ದಾಟಿದವರನ್ನು, ಜಾಗವಿಲ್ಲದಿದ್ದರೆ, ಕೆಲವು ತಿಂಗಳ ಮಟ್ಟಿಗೆ ದೊಡ್ಡವರ ಶಿಬಿರದಲ್ಲೇ ಬೇರೆ ಮೂಲೆಯಲ್ಲಿ ಇಡಬಹುದೆಂದು ಹೊಸ ಕಾನೂನು ಬಂದಿದೆ. ಆದ್ದರಿಂದ ಸದ್ಯಕ್ಕೆ ಅಲ್ಲೇ ಇರಲಿ ಎಂದ.

ಮೂರು ತಿಂಗಳು ಅವಳಿಗೆ ಹದಿನೈದೇ ಅಲ್ಲ ಎಂದವರು, ಹದಿನಾರಾದ ಎರಡನೇ ದಿನಕ್ಕೆ ಅವಳ ಹುಟ್ಟಿದ ದಿನವನ್ನು ಎಷ್ಟು ನಿಖರವಾಗಿ ಲೆಕ್ಕ ಹಾಕಿದ್ದರು.

"ಲಿಲ್ಲೊ," ಎಂದೆ, "ಈಗ ನಾನು ಅವಳ ಪಾಲಕಿ ಹೌದೋ ಅಲ್ವೋ?"

"ಹೌದು, ದೊನ್ನಾ ವೆನೆರಾ. ಕೋರ್ಟೇ ಹೇಳಿದೆ."

"ಹಾಗಾದ್ರೆ ಬರ್ಕೋ. ನನ್ನ ಮನೇಲಿ ಒಂದು ಕೋಣೆ ಖಾಲಿ ಇದೆ. ಶಿಬಿರ, ಮಕ್ಕಳ ಮನೆ ಎಲ್ಲಕ್ಕಿಂತ ಮೊದಲು ಕುಟುಂಬ ಅಂತ ಕಾನೂನೇ ಹೇಳುತ್ತೆ. ಅದನ್ನ ಯಾರೂ ಓದೋದೇ ಇಲ್ಲ. ನಾನು ಓದಿದೀನಿ."

ಸುಮ್ಮನೆ ಆಗಲಿಲ್ಲ ಅದೂ. ಸಮಾಜ ಕಲ್ಯಾಣದವರು ಬಂದು ಕೋಣೆಯ ಕಿಟಕಿಯ ಅಗಲ ಅಳೆದರು. ಕಾರ್ಖಾನೆಯ ಶಿಬಿರದಲ್ಲಿ ಏನನ್ನೂ ಅಳೆಯದವರು ನನ್ನ ಮಂಚದ ಎತ್ತರ ಬರೆದುಕೊಂಡರು. ರೊಸಾಲ್ಬಾ ದಿನಕ್ಕೆರಡು ಸಲ ನ್ಯಾಯಾಲಯಕ್ಕೆ ಫೋನ್ ಮಾಡಿದಳು. ಒಂಬತ್ತನೇ ದಿನ ನ್ಯಾಯಾಧೀಶೆ ಸಹಿ ಹಾಕಿದರು. ಜನವರಿ ಮೂವತ್ತೊಂದರ ಬೆಳಿಗ್ಗೆ ತಿರ್ಹಾಸ್ ಒಂದು ಪ್ಲಾಸ್ಟಿಕ್ ಚೀಲ ಹಿಡಿದು ನನ್ನ ಮನೆಯ ಮೆಟ್ಟಿಲು ಹತ್ತಿದಳು.

ಈಗ ಅವಳು ಶಾಲೆಗೆ ಹೋಗುತ್ತಿದ್ದಾಳೆ. ಜೂನಿನ ಪರೀಕ್ಷೆ ಈ ವರ್ಷ ಆಗುವುದಿಲ್ಲ, ಮೂರು ತಿಂಗಳ ಪಾಠ ತಪ್ಪಿದೆ. ಅವಳ ಗುರುತಿನ ಕಾಗದದಲ್ಲಿ ಇವತ್ತಿಗೂ 2001 ಎಂದೇ ಇದೆ. ರಾಜಧಾನಿಯ ಕಂಪ್ಯೂಟರಿನಲ್ಲಿ ತಿದ್ದಬೇಕಂತೆ, ತಿದ್ದುವವರು ಯಾರೆಂದು ಯಾರಿಗೂ ಗೊತ್ತಿಲ್ಲ. ಅದಕ್ಕೇ ಅವಳು ತೀರ್ಪಿನ ನಕಲನ್ನು ಪುಸ್ತಕದ ಚೀಲದಲ್ಲೇ ಇಟ್ಟುಕೊಂಡು ಓಡಾಡುತ್ತಾಳೆ. ಕ್ಷಮಿಸು ಎಂದು ಅವಳಿಗೆ ಯಾರೂ ಹೇಳಿಲ್ಲ, ನನ್ನೊಬ್ಬಳನ್ನು ಬಿಟ್ಟರೆ. ಅದಕ್ಕೆ ಅವಳು ಇನ್ನೂ ಉತ್ತರ ಕೊಟ್ಟಿಲ್ಲ.

ಫೆಬ್ರವರಿಯಲ್ಲಿ ಜಿಲ್ಲೆಯ ಪಾಲಕರ ಸಭೆಯಿತ್ತು. ನಾನು ಎದ್ದು ನಿಂತು ಇದನ್ನೆಲ್ಲ ಹೇಳಿ, ನಿಮ್ಮ ಮಕ್ಕಳಲ್ಲಿ ಯಾರಿಗಾದರೂ ಹೀಗೆ ನಿಮಗೆ ತಿಳಿಸದೆ ಮಣಿಕಟ್ಟು ನೋಡಿ ವಯಸ್ಸು ಬರೆದಿದ್ದಾರೆಯೇ ಎಂದು ಕೇಳಿದೆ. ಇಪ್ಪತ್ತು ಜನರಲ್ಲಿ ಏಳು ಕೈ ಮೇಲೆದ್ದವು. ಅವರಲ್ಲಿ ಒಬ್ಬರು, ಶಾಲಾ ಮಾಸ್ತರು, ತಮ್ಮ ಹುಡುಗ ಶಿಬಿರದಿಂದ ಕಾಣೆಯಾಗಿ ಐದು ತಿಂಗಳಾಯಿತು, ದೊಡ್ಡವನೆಂದು ಬರೆದಿರುವುದರಿಂದ ಪೊಲೀಸರು ಹುಡುಕುತ್ತಲೂ ಇಲ್ಲ ಎಂದರು. ಆ ಮನುಷ್ಯ ಅಷ್ಟು ಹೇಳಿ ಕೂತುಬಿಟ್ಟರು.

ಏಳು ಮಕ್ಕಳ ಹೆಸರು, ಹುಟ್ಟಿದ ದಿನ, ಕಾಗದಗಳನ್ನೆಲ್ಲ ಸೇರಿಸಿ ರೊಸಾಲ್ಬಾ ಒಂದೇ ದೂರು ಮಾಡಿದ್ದಾಳೆ. ಮೊದಲು ನಮ್ಮ ನ್ಯಾಯಾಲಯಕ್ಕೆ, ಇಲ್ಲಿ ಆಗದಿದ್ದರೆ ಯುರೋಪಿನ ನ್ಯಾಯಾಲಯಕ್ಕೆ. ವರ್ಷಗಟ್ಟಲೆ ಹಿಡಿಯುತ್ತದೆ, ಅಷ್ಟರಲ್ಲಿ ಈ ಮಕ್ಕಳೆಲ್ಲ ನಿಜವಾಗಿಯೂ ದೊಡ್ಡವರಾಗಿರುತ್ತಾರೆ ಎಂದು ಅವಳೇ ಹೇಳಿದಳು. ಆಗಲಿ ಎಂದೆ. ದೂರಿನ ಮೊದಲ ಹಾಳೆಗೆ ಕಾಣೆಯಾದ ಆ ಹುಡುಗನ ಹೆಸರನ್ನು ಹಾಕಿಸಿದ್ದೇವೆ. ಸೋಮವಾರ ಮಾಸ್ತರನ್ನು ಕರೆದುಕೊಂಡು ಲಿಲ್ಲೊನ ಕಚೇರಿಗೆ ಹೋಗುವವಳಿದ್ದೇನೆ. ಹುಡುಕಲು ಶುರು ಮಾಡುವ ತನಕ ಅಲ್ಲಿಂದ ಏಳುವುದಿಲ್ಲ ಎಂದು ಅವನಿಗೆ ಈಗಲೇ ಹೇಳಿಕಳಿಸಿದ್ದೇನೆ.